ಎದುರುಬದುರು ಪುಟಗಳು

ಅಣ್ಣನ ಸಿಗರೇಟು ಹಚ್ಚಿದ ಬೆಂಕಿಗೆ ಅಮ್ಮ ವೈರಿಂಗಿನ ಹೆಸರಿಟ್ಟಳು. ಮನೆ ಸುಟ್ಟ ಮರುದಿನವೇ ತಾಯಿ ಮಗ ಇಬ್ಬರೂ ಮಗಳ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಪಟ್ಟಾಗಿ ಕೂತರು. ಜೊತೆಗೆ ತಂದದ್ದು ಬೆಂಕಿ ಆರಿಸುವವರ ನೀರಿನಲ್ಲಿ ತೊಯ್ದ ಒಂದು ಮೂಟೆ ಆಲ್ಬಮ್, ಒಂದು ಡಬ್ಬ ನೆಗೆಟಿವ್.

ಮಗಳು ಹದಿನೆಂಟು ವರ್ಷದಿಂದ ಸ್ಟುಡಿಯೊವೊಂದರ ಕತ್ತಲೆಕೋಣೆಯಲ್ಲಿ ಫೋಟೊ ತೊಳೆಯುವವಳು. ಕೈ ಯಾವಾಗಲೂ ಒದ್ದೆ ಅಂತ ಅಣ್ಣ ಅವಳಿಗೆ ನೀರುಕೋಳಿ ಅಂತ ಹೆಸರಿಟ್ಟು, ಬಂದವರೆದುರೆಲ್ಲ ಹಾಗೇ ಕರೆದು ನಗುತ್ತಿದ್ದ. ಆ ಕೆಲಸ ಅಂದರೆ ಮೂಗು ಮುರಿಯುತ್ತಿದ್ದ ಅಮ್ಮ ಈಗ ಮೂಟೆ ಇಳಿಸಿ, "ನಿನ್ನ ವಿದ್ಯೆ ಈಗಲಾದ್ರೂ ಮನೆಗೆ ಉಪಯೋಗಕ್ಕೆ ಬರ್ಲಿ" ಅಂದಳು. ಕೇಳಿಕೊಂಡದ್ದಲ್ಲ ಮಾರಾಯರೇ, ಅಪ್ಪಣೆ ಕೊಟ್ಟದ್ದು!

ಮಗಳು ರಜೆ ಹಾಕಿದಳು. ಬಚ್ಚಲ ತುಂಬ ಟಬ್ಬು, ಟಬ್ಬಿನ ತುಂಬ ತಣ್ಣೀರು, ನೀರಿನ ತುಂಬ ನೆಂಟರು. ಒದ್ದೆ ಫೋಟೊಗಳು ಒಂದರ ಮೇಲೊಂದು ಬಿದ್ದು ಒಣಗಿದರೆ ಕತೆ ಮುಗಿಯಿತು, ಹಲಗೆಯಂತೆ ಸೆಟೆದು ಅಂಟಿಕೊಂಡದ್ದನ್ನು ದೇವರು ಬಂದರೂ ಬಿಡಿಸಲಾರ. ನೀರಲ್ಲೇ ಇಟ್ಟು, ಒಂದೊಂದನ್ನೇ ಬಿಡಿಸಿ, ಮುಖ ಮೇಲಾಗಿ ಹರಡಿ ಒಣಗಿಸಬೇಕು. ಅಮ್ಮನಿಗೆ ಈ ವಿದ್ಯೆಯ ಗಂಧಗಾಳಿಯೂ ಇರಲಿಲ್ಲ. ಮನೆಯೆಲ್ಲ ಗಲೀಜು ಅಂತ ಗೊಣಗುವುದಷ್ಟೇ ಅವಳ ಪಾಲಿನ ಕೆಲಸ. ಮಗಳು ಎರಡು ದಿನ ಸೊಂಟ ಬಿದ್ದುಹೋಗುವಂತೆ ಬಗ್ಗಿ ದುಡಿದಳು. ಮನೆತನದ ಮೇಲಿನ ಮಮತೆಗಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೊ.

ಹನ್ನೊಂದು ದಿನ ಬದುಕಿದ್ದ ಅವಳ ಕೂಸಿನದು. ಒಂಬತ್ತನೇ ದಿನ ಆಸ್ಪತ್ರೆಯ ಕಿಟಕಿ ಬೆಳಕಲ್ಲಿ ಅವಳೇ ತೆಗೆದದ್ದು. "ನಿನ್ನ ಹತ್ರ ಇದ್ರೆ ದಿನಾ ಅಳ್ತಾ ಕೂರ್ತೀಯ" ಅಂತ ಅಮ್ಮ ಅದನ್ನೂ ಅದರ ನೆಗೆಟಿವನ್ನೂ ಕಿತ್ತುಕೊಂಡು, ಫೋಟೊ ತನ್ನ ಆಲ್ಬಮ್ಮಿಗೂ ನೆಗೆಟಿವ್ ಬೀರುವಿಗೂ ಸೇರಿಸಿದ್ದಳು. ನೆಗೆಟಿವ್ ಬೆಂಕಿಗೆ ಕರಗಿ ಮುದ್ದೆಯಾಗಿತ್ತು.

ಮೂರನೇ ದಿನ ಬೆಳಿಗ್ಗೆ ಆ ಪುಟ ಸಿಕ್ಕಿತು. ಸಿಕ್ಕಿತು ಅಂತ ಹಿಗ್ಗುವ ಹಾಗಿರಲಿಲ್ಲ. ಎದುರು ಪುಟದಲ್ಲಿ ಕೋಟು ತೊಟ್ಟು ನಿಂತಿದ್ದ ಅಣ್ಣನ ಚಿತ್ರಕ್ಕೆ ಕೂಸಿನ ಚಿತ್ರ ಮುಖಕ್ಕೆ ಮುಖ ಕೊಟ್ಟು ಅಂಟಿಬಿಟ್ಟಿತ್ತು, ನೀರಿಗೂ ಜಗ್ಗಲಿಲ್ಲ. ಇಂಥ ಜೋಡಿಯಲ್ಲಿ ಒಂದನ್ನು ಬೆನ್ನ ಕಡೆಯಿಂದ ಪದರ ಪದರವಾಗಿ ಉಜ್ಜಿ ತೆಗೆದರೆ ಇನ್ನೊಂದು ಉಳಿದರೂ ಉಳಿದೀತು. ಎರಡೂ ಉಳಿಯುವ ಮಾತಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಅವಳು ಇದನ್ನು ಬಿಡಿಸಿ ಹೇಳಿದಳು.

"ಅದರಲ್ಲಿ ಕೇಳೋದೇನಿದೆ? ಅಣ್ಣಂದು ಉಳಿಸು."

"ಅಮ್ಮಾ, ಅಣ್ಣನ ನೆಗೆಟಿವ್ ಚೆನ್ನಾಗೇ ಇದೆ. ಬೇಕಾದ್ರೆ ನೂರು ಪ್ರಿಂಟ್ ಹಾಕ್ಕೊಡ್ತೀನಿ. ಕೂಸಿಂದು ಇದೊಂದೇ."

"ಬಾಳಿ ಬದುಕೋ ಮಗನ ಮುಖಾನ ಉಜ್ಜಿ ಹಾಕ್ತೀಯಾ? ಅದಕ್ಕೆ ಒಂದು ಹೆಸರಿಡೋಷ್ಟೂ ಪುರುಸೊತ್ತಿರ್ಲಿಲ್ಲ. ಅದರದ್ದೇನು ಫೋಟೊ?"

"ಏ ನೀರುಕೋಳಿ, ನನ್ನ ಮೀಸೆ ಹುಷಾರು ಕಣೇ!" ಅಂತ ಅಣ್ಣ ಒಳಗಿಂದ ನಕ್ಕು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮುಖದ ಮೇಲೆ ಬಾಗಿಲು ಹಾಕಿ ಚಿಲಕ ಜಡಿದಳು. ಮೂರು ಗಂಟೆ ಬೆರಳ ತುದಿಯಲ್ಲಿ ಉಜ್ಜಿದಳು. ಕಾಗದ ಹೋಯಿತು, ಕೋಟು ಹೋಯಿತು, ಟೈ ಹೋಯಿತು. ಸುಳ್ಳೇಕೆ, ಮೀಸೆ ಹೋಗುವಾಗ ಅವಳಿಗೆ ಸ್ವಲ್ಪ ಸುಖವೂ ಆಯಿತು. ಅದರಡಿಯಿಂದ ಕೂಸಿನ ಹಣೆ ಬಂತು, ಬಿಗಿಹಿಡಿದ ಮುಷ್ಟಿ ಬಂತು, ಅರೆತೆರೆದ ಒಂದು ಕಣ್ಣು ಬಂತು. "ಬಂದ್ಯಾ ನನ್ನ ಬಂಗಾರಿ" ಅಂದವಳಿಗೆ ಅಳು ತಡೆಯಲಾಗಲಿಲ್ಲ.

ಗಾಜಿನ ಮೇಲೆ ಮಲಗಿಸಿ ತಂದು ಮೇಜಿನ ಮೇಲಿಟ್ಟಳು. "ಇದನ್ನ ಮುಟ್ಬೇಡಮ್ಮ. ಒಣಗೋವರೆಗೂ ಹಾಲಿನ ಕೆನೆ ಇದ್ದ ಹಾಗೆ, ಬೆರಳು ತಾಗಿದ್ರೆ ಹೋಯ್ತು." ಮಗಳು ನೀರು ಹೀರುವ ಒತ್ತುಕಾಗದ ತರಲು ಬೀದಿ ಕೊನೆಯ ಅಂಗಡಿಗೆ ಓಡಿದಳು.

ಹತ್ತು ನಿಮಿಷಕ್ಕೆ ವಾಪಸು ಬಂದಾಗ ಅಮ್ಮ ಮೇಜಿನ ಮುಂದೆ ಕೂತಿದ್ದಳು, ಕೈಯಲ್ಲೊಂದು ಒದ್ದೆ ಬಟ್ಟೆ. ಗಾಜಿನ ಮೇಲಿದ್ದದ್ದು ಬರೀ ಬಿಳಿ ಕಾಗದ.

"ಮಸಿ ಹತ್ತಿತ್ತು, ಒರೆಸಿದೆ" ಅಂದಳು ಅಮ್ಮ, ಮಗಳ ಕಣ್ಣಲ್ಲಿ ಕಣ್ಣಿಟ್ಟು. "ಈಗ ಇಬ್ಬರದ್ದೂ ಸರಿಸಮ ಆಯ್ತಲ್ಲ."

ಮಗಳು ಎರಡು ದಿನದಿಂದ ಕೋಣೆ ತುಂಬ ಹರಡಿ ಒಣಗಿಸಿದ್ದ ಫೋಟೊಗಳನ್ನೆಲ್ಲ ಬಾಚಿ ಮತ್ತೆ ಟಬ್ಬಿಗೆ ಸುರಿದಳು.

"ಮತ್ಯಾಕೆ?"

"ಕೊನೇ ತೊಳೆತ."

ಚೆನ್ನಾಗಿ ನೆನೆದ ಮೇಲೆ ಒಂದೊಂದೇ ತೆಗೆದು, ಮುಖಕ್ಕೆ ಮುಖ ಕೊಟ್ಟು, ಅಂಚಿಗೆ ಅಂಚು ಕೂಡಿಸಿ ಮೇಜಿನ ಮೇಲೆ ಪೇರಿಸತೊಡಗಿದಳು. ಅಪ್ಪ, ಅಜ್ಜಿ, ಅಣ್ಣನ ಶಾಲೆ, ಅಮ್ಮನ ಹುಡುಗಿತನ. ನೆಗೆಟಿವ್‌ಗಳನ್ನೂ, ಅಣ್ಣನದು ಸೇರಿ, ಹಸಿಹಸಿಯಾಗಿಯೇ ಬಿಗಿದು ಸುತ್ತಿ ಡಬ್ಬದ ಮುಚ್ಚಳ ಜಡಿದಳು. ಅಮ್ಮ ಪಕ್ಕಕ್ಕೆ ಬಂದು ನೋಡಿದಳು. ಮಗಳು ದಾರಿಗೆ ಬಂದಳು ಅಂತ ಅವಳ ಮುಖ ಅರಳಿತು.

"ಹಾಂ, ಹೀಗೆ! ಎಷ್ಟು ಒಪ್ಪವಾಗಿದೆ ನೋಡು. ಮೊದಲೇ ಹೀಗೆ ಮಾಡೋಕೇನಾಗಿತ್ತು? ನನ್ನ ಮದುವೆ ಫೋಟೊ ಎಲ್ಲಕ್ಕಿಂತ ಮೇಲಿಡು."

ಮಗಳು ಅದನ್ನು ಮೇಲಿಟ್ಟಳು, ಮುಖ ಕೆಳಗಾಗಿ.

"ಭಾರ ಬೇಕಮ್ಮ. ಸ್ವಲ್ಪ ಒತ್ತಿ ಹಿಡ್ಕೋ."

"ಇಷ್ಟು ಸಾಕಾ?"

"ಇನ್ನೂ ಗಟ್ಟಿಯಾಗಿ."

ಅಮ್ಮ ಎದ್ದು ನಿಂತು, ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.