ಪಾಸ್ಕೋ ಮತ್ತು ರೆಡಾವೇ ನಡುವಿನ ಜಾಗ

ಮೆರಿಯೆಲ್ ಪ್ರೌಟ್ ಮೂವತ್ತೊಂದು ವರ್ಷ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷಕಿಯಾಗಿದ್ದವಳು. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನು ಕನ್ನಡಿಯನ್ನು ನಿಜವಾಗಿ ನೋಡಿದನೋ, ನೋಡಿದ ಹಾಗೆ ಕತ್ತು ಕುಣಿಸಿದನೋ ಎಂಬುದನ್ನು ಮುಖ ತಿರುಗಿಸದೆಯೇ ಹೇಳುತ್ತಿದ್ದಳು. ಸ್ಟೋಕ್ ವೆನರ್ ಹಳ್ಳಿಯ ಅರ್ಧ ಜನರನ್ನು ಒಂದು ಸಲವಾದರೂ ಫೇಲು ಮಾಡಿದ ಕೀರ್ತಿ ಅವಳದು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದಂತಾಯಿತು. ಸುಮ್ಮನಿರಲಾರದೆ ಅದನ್ನು ಚರ್ಚಿನ ಅಂಗಳದ ಕಲ್ಲುಶಿಲುಬೆಯ ಮೇಲೆ ನೆಟ್ಟಳು.

ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನ ಹದಿನಾರು ಹುಡುಗರ ಹೆಸರು ಆ ಶಿಲುಬೆಯ ಬುಡದಲ್ಲಿದೆ. ಒಬ್ಬೊಬ್ಬನೂ ಯಾರ ಮಗ, ಹೊಟ್ಟೆಪಾಡಿಗೆ ಏನು ಮಾಡಿಕೊಂಡಿದ್ದ, ಎಲ್ಲಿ ಬಿದ್ದ ಎಂದು ಎರಡು ವರ್ಷದಿಂದ ಕೆದಕುತ್ತಿದ್ದಳು. ಎಕ್ಸೆಟರ್‌ನ ದಾಖಲೆ ಕೊಠಡಿಯ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡಳು. ಹದಿನಾರಕ್ಕೆ ಹದಿನಾರೂ ಸಿಕ್ಕರು. ನಾರ್ತ್‌ಕಾಟ್ ಬಡಗಿಯ ಕೈಕೆಳಗೆ ಗಾಡಿಚಕ್ರ ಮಾಡುವುದನ್ನು ಕಲಿಯುತ್ತಿದ್ದ. ಪಾಸ್ಕೋ ಚರ್ಚಿನ ಗೋಪುರದಲ್ಲಿ ಮೂರನೆಯ ಗಂಟೆಯ ಹಗ್ಗ ಹಿಡಿಯುತ್ತಿದ್ದ. ರೆಡಾವೇ ವಯಸ್ಸು ಸುಳ್ಳು ಹೇಳಿ ಸೇರಿದ್ದ, ಹದಿನೇಳು ತುಂಬುವ ಮೊದಲೇ ಮುಗಿದ.

ಆದರೆ ಅವಳಿಗೆ ಬೇಕಾಗಿದ್ದವನು ಹದಿನೇಳನೆಯವನು, ಅವಳ ತಾತ ಸ್ಯಾಮ್‌ನ ತಮ್ಮ ನೆಡ್ ಪ್ರೌಟ್. 1917ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಕೆಸರಿನಲ್ಲಿ ಕಾಣೆಯಾದಾಗ ಅವನಿಗೆ ಹತ್ತೊಂಬತ್ತು. ಹೆಣ ಸಿಗಲಿಲ್ಲ. ಅಲ್ಲಿ ಕಾಣೆಯಾದವರ ಹೆಸರು ಕೊರೆದ ಉದ್ದನೆಯ ಗೋಡೆಯಲ್ಲಿ ಅವನ ಹೆಸರಿದೆ, ಮೆರಿಯೆಲ್ ಹೋಗಿ ಮುಟ್ಟಿ ಬಂದಿದ್ದಳು. ಹುಟ್ಟಿದ ಊರಿನ ಕಲ್ಲಿನಲ್ಲಿ ಮಾತ್ರ ಇಲ್ಲ. ಅವಳಿಗೀಗ ಅರವತ್ತೆಂಟು, ಮದುವೆಯಾಗಿಲ್ಲ, ಪ್ರೌಟರ ವಂಶ ಅವಳೊಂದಿಗೇ ಮುಗಿಯುತ್ತದೆ. ಕಣ್ಣು ಮುಚ್ಚುವ ಮೊದಲು ನೆಡ್‌ನ ಹೆಸರು ಆ ಕಲ್ಲು ಸೇರಬೇಕು ಎಂಬುದೊಂದೇ ಹಟ.

ಹೆಸರು ಯಾಕಿಲ್ಲ ಎಂಬುದಕ್ಕೆ ಮನೆಯಲ್ಲಿ ಸಿದ್ಧ ಉತ್ತರವಿತ್ತು: ಟಕೆಟರು. ಬೇಲಿಯ ಜಗಳದಿಂದ ಶುರುವಾಗಿ ಪ್ರೌಟರಿಗೂ ಟಕೆಟರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಚರ್ಚಿನಲ್ಲಿ ಇವರು ಎಡಕ್ಕೆ ಕೂತರೆ ಅವರು ಬಲಕ್ಕೆ. ಸ್ಮಾರಕ ಸಮಿತಿಯ ಅಧ್ಯಕ್ಷನಾಗಿದ್ದವನು ಜೋಸಯಾ ಟಕೆಟ್. ತಾತ ಸ್ಯಾಮ್ ಬೆಂಕಿಯ ಮುಂದೆ ಕೂತು ಹೇಳುತ್ತಿದ್ದದ್ದು ಮೆರಿಯೆಲ್‌ಗೆ ಬಾಯಿಪಾಠ: "ಆ ಮುದಿಯ ಪ್ರತಿ ನವೆಂಬರಿಗೂ ನಮ್ಮ ಬಾಗಿಲಿಗೆ ಬರ್ತಿದ್ದ ಕಣೇ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಮ್ಮಮ್ಮನ ಹತ್ರ ಏನೋ ಪಿಸುಗುಟ್ತಿದ್ದ. ಅಮ್ಮ ಬಾಗಿಲು ಹಾಕ್ಕೊಂಡು ಇಡೀ ದಿನ ಮಾತೇ ಆಡ್ತಿರಲಿಲ್ಲ. ಹಂಗಿಸೋಕೆ ಬರ್ತಿದ್ದ, ಬೋಳೀಮಗ." ಅವನಮ್ಮ ಎಂದರೆ ಥರ್ಜಾ, ನೆಡ್‌ನ ತಾಯಿ.

ಕಲ್ಲೂ ಅದಕ್ಕೆ ಸಾಕ್ಷಿ ಹೇಳುವಂತಿತ್ತು. ಹೆಸರುಗಳೆಲ್ಲ ಅಕ್ಷರಾನುಕ್ರಮದಲ್ಲಿವೆ. ಪಾಸ್ಕೋ ಆದ ಮೇಲೆ ಪ್ರೌಟ್ ಬರಬೇಕು, ಆಮೇಲೆ ರೆಡಾವೇ. ಸರಿಯಾಗಿ ಅಲ್ಲೇ ಒಂದು ಸಾಲಿನಷ್ಟು ಕಲ್ಲು ಬೋಳಾಗಿತ್ತು. ಮೆರಿಯೆಲ್ ಕಾಗದ ಅಂಟಿಸಿ ಕಪ್ಪು ಮೇಣದಿಂದ ಉಜ್ಜಿದಳು. ಅಕ್ಷರ ಮೂಡಲಿಲ್ಲ, ಆದರೆ ಮೇಲೊಂದು ಕೆಳಗೊಂದು ತೆಳ್ಳಗಿನ ಗೀರು ಮೂಡಿತು. ಕೊರೆದ ಹೆಸರನ್ನು ಕೆತ್ತಿ ಅಳಿಸಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ.

ಈಗ ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್ ಕೂಡ ಟಕೆಟನೇ. ಜೋಸಯಾನ ಮೊಮ್ಮಗ ಹೆಡ್ಲಿ, ಎಂಬತ್ತನಾಲ್ಕರ ಮುದುಕ, ಕೀಲಿಕೈ ಗೊಂಚಲನ್ನು ಸೊಂಟದಿಂದ ಬಿಚ್ಚದವನು. ಹಳೆಯ ಸಮಿತಿಯ ನಡಾವಳಿ ಪುಸ್ತಕ ಎಲ್ಲಿ ಎಂದು ಚರ್ಚಿನ ಸಭೆಯಲ್ಲಿ ಕೇಳಿದರೆ "ಇಲಿ ತಿಂದಿರಬೇಕು" ಅಂದ. ಹೆಸರು ಸೇರಿಸಲು ಚರ್ಚ್ ಮಂಡಳಿ ಒಪ್ಪಿ ಬಿಷಪ್ಪರ ಕಚೇರಿಗೆ ಬರೆಯಬೇಕು. ಮೆರಿಯೆಲ್ ಮೂರು ಸಲ ಅರ್ಜಿ ಕೊಟ್ಟಳು. ಮೂರು ಸಲವೂ ಹೆಡ್ಲಿ ಮೇಜು ನೋಡಿಕೊಂಡು ಒಂದೇ ಮಾತು ಹೇಳಿದ: "ಅದಕ್ಕೆ ಕಾಲ ಬಂದಿಲ್ಲ."

ಮೂರನೆಯ ಸಲ ಅವಳಿಗೆ ರೇಗಿತು. ಮಂಡಳಿಯ ಹನ್ನೊಂದು ಜನರ ಮುಂದೆ ಎದ್ದು ನಿಂತಳು.

"ಕಾಲ ಬರೋಕೆ ಇನ್ನೆಷ್ಟು ವರ್ಷ ಬೇಕು, ಟಕೆಟ್ ಅವರೇ? ನಿಮ್ಮಜ್ಜ ಸತ್ತ ಹುಡುಗನ ಹೆಸರು ಕದ್ದ ಕಳ್ಳ. ನೀವು ಕದ್ದ ಮಾಲನ್ನ ಕಾಯ್ತಾ ಕೂತಿದ್ದೀರಿ."

ಹೆಡ್ಲಿಯ ಕಿವಿ ಕೆಂಪಾಯಿತು. ಬಾಯಿ ತೆರೆದ, ಸುತ್ತ ಕೂತವರನ್ನೆಲ್ಲ ನೋಡಿದ, ಮತ್ತೆ ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಮೆರಿಯೆಲ್‌ಗೆ ಅಷ್ಟೇ ಸಾಕಾಯಿತು.

ಅಂದಿನಿಂದ ಅವಳು ಅವನ ಬೆನ್ನು ಬಿದ್ದಳು. ಅವನು ಯಾವಾಗ ಚರ್ಚಿಗೆ ಹೋಗುತ್ತಾನೆ, ಕಂಕುಳಲ್ಲಿ ಏನಿದೆ, ಎಷ್ಟು ಹೊತ್ತಿಗೆ ಹೊರಬರುತ್ತಾನೆ ಎಲ್ಲವನ್ನೂ ಪರೀಕ್ಷಕಿಯ ಹಳೆಯ ಅಭ್ಯಾಸದಂತೆ ಚೀಟಿಯಲ್ಲಿ ಗುರುತು ಹಾಕುತ್ತಿದ್ದಳು. ಚರ್ಚಿಗೆ ಹೂ ಜೋಡಿಸುವ ಡಾಟ್ ಅದನ್ನು ನೋಡಿ ನಕ್ಕಳು.

"ಏನೇ ಮೆರಿಯೆಲ್, ಆ ಮುದುಕನ್ನ ಮದುವೆ ಆಗ್ತೀಯಾ ಹೇಗೆ? ಊರೆಲ್ಲ ಮಾತಾಡ್ಕೋತಿದೆ."

"ಅವನ ಮನೆಯಲ್ಲಿ ಆ ಪುಸ್ತಕ ಇದೆ, ಡಾಟ್."

"ಇದ್ರೆ ಕೇಳು."

"ಕೇಳಿದ್ರೆ ಸುಟ್ಟುಹಾಕ್ತಾನೆ."

"ನೀನು ಅವನನ್ನ ಎರಡು ಸಲ ಫೇಲು ಮಾಡಿದ್ಯಲ್ಲ, ಆಗಲೂ ಹೀಗೇ ಅಂದಿದ್ದೆ. ಬ್ರೇಕ್ ಹಾಕೋ ಮುಂಚೆನೇ ಇವನು ಬ್ರೇಕ್ ಹಾಕಲ್ಲ ಅಂತ ಬರ್ಕೊಂಡಿದ್ಯಂತೆ."

ಮೆರಿಯೆಲ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಅವನು ಬ್ರೇಕ್ ಹಾಕಿರಲಿಲ್ಲ ಎಂಬುದು ಅವಳಿಗೆ ಇವತ್ತಿಗೂ ನೆನಪಿತ್ತು.

ನವೆಂಬರ್ ಬಂತು. ಯುದ್ಧದಲ್ಲಿ ಸತ್ತವರ ಸ್ಮರಣೆಯ ಭಾನುವಾರಕ್ಕೆ ಇನ್ನು ಐದು ದಿನ. ಅಂಗಡಿಯಲ್ಲಿ ಎಲ್ಲರ ಎದೆಯ ಮೇಲೂ ಅವರ ನೆನಪಿನ ಕಾಗದದ ಕೆಂಪು ಗಸಗಸೆ ಹೂವು. ಮಂಗಳವಾರ ಬೆಳಿಗ್ಗೆ ಮೆರಿಯೆಲ್ ಚರ್ಚಿನ ಅಂಗಳದ ಯೂ ಮರದ ಹಿಂದೆ ನಿಂತಿದ್ದಾಗ ಹೆಡ್ಲಿ ಬಕೆಟ್ಟು, ಬ್ರಷ್ಷು, ಮೊಣಕಾಲಿಗೆ ಹಾಕಿಕೊಳ್ಳಲು ಒಂದು ಗೋಣಿಚೀಲ ಹಿಡಿದು ಬಂದ. ನರಳುತ್ತ ಶಿಲುಬೆಯ ಬುಡದಲ್ಲಿ ಮಂಡಿಯೂರಿದ. ಹೆಸರುಗಳ ಮೇಲೆಲ್ಲ ಪಾಚಿ ಕಟ್ಟಿತ್ತು. ಅವನು ಅವುಗಳ ಗೊಡವೆಗೇ ಹೋಗಲಿಲ್ಲ. ಪಾಸ್ಕೋ ಮತ್ತು ರೆಡಾವೇ ನಡುವಿನ ಬೋಳು ಜಾಗವನ್ನು ಮಾತ್ರ ಉಜ್ಜತೊಡಗಿದ.

ಮೆರಿಯೆಲ್‌ಗೆ ರಕ್ತ ತಲೆಗೇರಿತು. ಉಳಿದಿರುವ ಗೀರನ್ನೂ ಒರೆಸಿಹಾಕುತ್ತಿದ್ದಾನೆ. ಫೋನು ತೆಗೆದು ನಾಲ್ಕು ಫೋಟೋ ಹೊಡೆದು ನೇರ ಅವನ ಮುಂದೆ ಹೋಗಿ ನಿಂತಳು.

"ಸಿಕ್ಕಿಬಿದ್ರಿ, ಟಕೆಟ್ ಅವರೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು."

ಹೆಡ್ಲಿ ತಲೆ ಎತ್ತಿದ. ಓಡಲಿಲ್ಲ, ಬ್ರಷ್ಷನ್ನು ಬಚ್ಚಿಡಲೂ ಇಲ್ಲ.

"ನಾನು ಪ್ರತಿ ವರ್ಷ ಮಾಡ್ತೀನಿ, ಹುಡುಗಿ. ನಮ್ಮಪ್ಪನೂ ಮಾಡ್ತಿದ್ದ. ಕೈ ಕೊಡು, ಎಬ್ಬಿಸು. ಬೇರೆ ಯಾರಿದಾರೆ ಇಲ್ಲಿ?"

"ಯಾರೂ ಇಲ್ಲ. ಯಾಕೆ, ಹೊಡೀತೀರಾ?"

"ಯಾರೂ ಇಲ್ದಿದ್ರೆ ಒಳಗೆ ಬಾ."

ಕೈ ಕೊಡದೆ ವಿಧಿಯಿರಲಿಲ್ಲ, ಮುದುಕನಿಗೆ ಏಳಲಾಗುತ್ತಿರಲಿಲ್ಲ. ಪಾದ್ರಿಯ ನಿಲುವಂಗಿಗಳನ್ನು ತೂಗುಹಾಕುವ ಚರ್ಚಿನ ಹಿಂದಿನ ಕೋಣೆಗೆ ಕರೆದೊಯ್ದು, ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು, ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟ. ಇಲಿಯ ಹಲ್ಲಿನ ಗುರುತು ಒಂದೂ ಇರಲಿಲ್ಲ.

"ಇಲಿ ತಿಂತು ಅಂದಿದ್ದು ಸುಳ್ಳು. ಓದು."

ಅಕ್ಷರ ಜೋಸಯಾನದು. 1920ರ ಮಾರ್ಚ್. ಸತ್ತವರ ಮನೆಯವರೆಲ್ಲ ಒಪ್ಪಿಗೆಯ ಚೀಟಿಗೆ ಸಹಿ ಹಾಕಿಕೊಟ್ಟಿದ್ದಾರೆ, ಶ್ರೀಮತಿ ಥರ್ಜಾ ಪ್ರೌಟ್ ಒಬ್ಬರನ್ನು ಬಿಟ್ಟು. ಅದರ ಕೆಳಗೆ ಹೀಗೆ ಬರೆದಿತ್ತು: "ಹುಡುಗ ಕಾಣೆಯಾಗಿದ್ದಾನೆಯೇ ಹೊರತು ಸತ್ತಿಲ್ಲ ಎನ್ನುತ್ತಾರೆ. ಒಂದು ದಿನ ಅವನು ಮನೆಗೆ ಬಂದು ದಾರಿಯಲ್ಲಿ ಇಲ್ಲಿ ತನ್ನ ಹೆಸರು ಓದಿದರೆ, ತಾಯಿಗೆ ನಾನು ಇಷ್ಟು ಬೇಗ ಸಾಕಾದೆನೇ ಅಂದುಕೊಳ್ಳುವುದಿಲ್ಲವೇ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವನ ಸರದಿಯ ಜಾಗದಲ್ಲಿ ಗೆರೆ ಎಳೆದು ಒಂದು ಸಾಲು ಬಿಡುವಂತೆ ಕಲ್ಲುಕುಟಿಗನಿಗೆ ಹೇಳಿದೆವು. ಪ್ರತಿ ನವೆಂಬರಿನಲ್ಲಿ ಅಧ್ಯಕ್ಷರು ಅವರ ಬಾಗಿಲಿಗೆ ಹೋಗಿ ಕೇಳತಕ್ಕದ್ದು. ಇದು ಊರಿಗೆ ತಿಳಿಯಬಾರದು, ಅವರ ಮಗ ಸ್ಯಾಮ್‌ಗಂತೂ ಖಂಡಿತ ತಿಳಿಯಬಾರದು ಎಂದು ಅವರು ಕೈ ಮುಗಿದು ಕೇಳಿಕೊಂಡರು."

ಅದರ ಕೆಳಗೆ ವರ್ಷಗಳ ಸಾಲು. 1920, ಈ ವರ್ಷ ಬೇಡ ಎಂದರು. 1921, ಈ ವರ್ಷ ಬೇಡ ಎಂದರು. ಹದಿನೆಂಟು ಸಾಲು, ಒಂದೇ ಮಾತು. 1938ರ ಎದುರು ಮಾತ್ರ ಬೇರೆ ಇತ್ತು: "ಥರ್ಜಾ ಪ್ರೌಟ್ ಈ ಬೇಸಿಗೆಯಲ್ಲಿ ತೀರಿಕೊಂಡರು. ಸ್ಯಾಮ್‌ನನ್ನು ಕೇಳಲು ಹೋದೆ. ಬಾಯಿ ತೆರೆಯುವ ಮೊದಲೇ ಹುಲ್ಲು ಎತ್ತುವ ಕವೆಗೋಲು ಹಿಡಿದು ಬಂದ."

ಮೆರಿಯೆಲ್ ಆ ಸಾಲನ್ನು ಎರಡು ಸಲ ಓದಿದಳು. ಕವೆಗೋಲಿನ ಕತೆ ಅವಳಿಗೆ ಗೊತ್ತಿತ್ತು. ತಾತ ಅದನ್ನು ಪರಾಕ್ರಮದಂತೆ ಹೇಳುತ್ತಿದ್ದ, ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

"ಸ್ಯಾಮ್‌ಗೆ ಯಾಕೆ ಹೇಳಬಾರದಿತ್ತು?"

"ಅವನೂ ಯುದ್ಧಕ್ಕೆ ಹೋಗಿ ಬಂದವನಲ್ವಾ. ನೆಡ್ ಇನ್ನಿಲ್ಲ ಅಮ್ಮ, ಬಿಟ್ಬಿಡು ಅಂತ ದಿನಾ ಹೇಳ್ತಿದ್ನಂತೆ. ಆಕೆಗೆ ಅದನ್ನ ಕೇಳೋಕೆ ಆಗ್ತಿರಲಿಲ್ಲ. ಊರಲ್ಲಿ ಹದಿನಾರು ತಾಯಂದಿರು ಸಹಿ ಹಾಕಿದಾರೆ, ತಾನೊಬ್ಬಳು ಹಾಕಿಲ್ಲ ಅಂದ್ರೆ ಹುಚ್ಚಿ ಅಂತಾರೆ ಅಂತ ಭಯ ಬೇರೆ. ಕವೆಗೋಲು ಕಂಡ ಮೇಲೆ ನಮ್ಮವರು ಕೇಳೋಕೆ ಹೋಗಲಿಲ್ಲ, ಹೆಸರು ಬರೋ ದಿನಕ್ಕೆ ಅಂತ ಆ ಜಾಗ ಮಾತ್ರ ಉಜ್ಜಿ ಇಟ್ವಿ."

"ನನಗಾದ್ರೂ ಹೇಳಬಹುದಿತ್ತು."

"ನೀನು ಕೇಳಿದ್ದು ಹನ್ನೊಂದು ಜನರ ಮುಂದೆ. ಅಲ್ಲಿ ಬಾಯಿಬಿಟ್ಟಿದ್ರೆ ಥರ್ಜಾಗೆ ಕೊಟ್ಟ ಮಾತು ಹೋಗ್ತಿತ್ತು." ಹೆಡ್ಲಿ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. "ಆಮೇಲೆ ನಿನ್ನ ಮನೆಗೆ ಬರೋಣ ಅಂತ ಎರಡು ಸಲ ಹೊರಟೆ. ಕಳ್ಳ ಅಂದಿದ್ಯಲ್ಲ, ಸಿಟ್ಟಿತ್ತು. ಅರ್ಧ ದಾರಿಯಿಂದಲೇ ವಾಪಸ್ ಬಂದೆ. ಅದು ನನ್ನ ತಪ್ಪು, ಅಜ್ಜಂದಲ್ಲ."

ಮೆರಿಯೆಲ್‌ಗೆ ನಾಚಿಕೆಯಾಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವ ಮಾತನ್ನು ಅವಳು ಜೀವನವಿಡೀ ಬೇರೆಯವರಿಗೆ ಹೇಳಿದ್ದಳು. ಕ್ಷಮಿಸಿ ಅನ್ನಬೇಕಿತ್ತು. ಅಭ್ಯಾಸವಿಲ್ಲದ್ದರಿಂದ ಬೇರೆ ಮಾತೇ ಬಂತು.

"ಸರಿ, ಈಗ ಹೆಸರು ಹಾಕ್ಸೋಣ. ಭಾನುವಾರದ ಸಭೆಯಲ್ಲೇ ನಿರ್ಣಯ ಮಾಡಿ."

"ಸಭೆಯಲ್ಲಿ ಅಲ್ಲ," ಅಂದ ಹೆಡ್ಲಿ. "ಬಾಗಿಲಿಗೆ ಬಂದು ಕೇಳಬೇಕು ಅಂತ ಬರೆದಿದೆ. ನಾಳೆ ಬರ್ತೀನಿ. ಕವೆಗೋಲು ಇದ್ರೆ ಒಳಗಿಡು."

ಮಾರನೆಯ ದಿನ ಹನ್ನೊಂದು ಗಂಟೆಗೆ ಥರ್ಜಾ ಕಾಲದ ಅದೇ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಹೆಡ್ಲಿ ಟೈ ಕಟ್ಟಿದ್ದ, ಬೂಟಿಗೆ ಪಾಲಿಶ್ ಹಾಕಿದ್ದ. ಟೋಪಿ ಕೈಯಲ್ಲಿತ್ತು. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದ.

"ಮಿಸ್ ಪ್ರೌಟ್, ಸಮಿತಿಯ ಪರವಾಗಿ ಬಂದಿದ್ದೀನಿ. ನಿಮ್ಮ ನೆಡ್‌ನ ಹೆಸರು ಹಾಕಿಸಬಹುದಾ?"

ಎರಡು ವರ್ಷದಿಂದ ಅವಳು ಕಾದಿದ್ದು ಇದೇ ಪ್ರಶ್ನೆಗೆ. ಹಾಕಿ ಅಂದುಬಿಟ್ಟರೆ ಮುಗಿಯಿತು. ಆದರೆ ಅರ್ಜಿ ಬರೆಯುವಾಗ, ಜಗಳ ಕಾಯುವಾಗ, ಬೆಲ್ಜಿಯಮ್ಮಿನ ಗೋಡೆ ಮುಟ್ಟುವಾಗ ಅದು ಬರಿಯ ಹೆಸರಾಗಿತ್ತು. ಈಗ ಹೊಸ್ತಿಲ ಮೇಲೆ ನಿಂತು, ನಮ್ಮ ಹುಡುಗ ಇನ್ನು ಬರುವುದಿಲ್ಲ ಎಂದು ಮನೆಯವಳಾಗಿ ಅವಳೇ ಹೇಳಬೇಕಿತ್ತು. ಥರ್ಜಾ ಹದಿನೆಂಟು ಸಲ ಹೇಳಲಾಗದೆ ಬಾಗಿಲು ಹಾಕಿಕೊಂಡದ್ದು ಇದನ್ನೇ. ಉಳಿದವರೆಲ್ಲ ಅಳುವ ಬದಲು ಟಕೆಟರನ್ನು ಬೈದುಕೊಂಡು ಬದುಕಿಬಿಟ್ಟಿದ್ದರು, ಅವಳೂ ಅಷ್ಟೇ. ಬೈಯುವುದು ಸುಲಭವಾಗಿತ್ತು.

ಹೆಡ್ಲಿ ಅವಸರ ಮಾಡಲಿಲ್ಲ. ಈ ವರ್ಷ ಬೇಡ ಅಂದಿದ್ದರೂ ಬರೆದುಕೊಂಡು ಹೋಗುತ್ತಿದ್ದ, ಮುಂದಿನ ನವೆಂಬರಿಗೆ ಜೀವವಿದ್ದರೆ ಮತ್ತೆ ಬರುತ್ತಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

ಮೆರಿಯೆಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವನು ಹೋಗಿಬಿಟ್ಟ, ಟಕೆಟ್ ಅವರೇ. ಇನ್ನು ಬರಲ್ಲ. ಹಾಕ್ಸಿ."

ಹೆಡ್ಲಿ ತಲೆ ಬಗ್ಗಿಸಿದ. ಹೋಗುತ್ತಾನೆ ಅಂದುಕೊಂಡಳು, ಅವನು ಹೋಗಲಿಲ್ಲ. ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಅವಳ ಕೈ ಹಿಡಿದ.

"ಹುಡುಗ ಹೋದ ಸುದ್ದಿ ಕೇಳಿ ಬಹಳ ಸಂಕಟ ಆಯ್ತು, ಮಿಸ್ ಪ್ರೌಟ್. ನಮ್ಮ ಮನೆಯವರೆಲ್ಲರ ಪರವಾಗಿ ಹೇಳ್ತಿದೀನಿ."

ನೆಡ್ ಸತ್ತ ಇಷ್ಟು ವರ್ಷಗಳಲ್ಲಿ ಆ ಮನೆಯ ಬಾಗಿಲಿಗೆ ಬಂದು ಆ ಮಾತು ಹೇಳಿದವರು ಒಬ್ಬರೂ ಇರಲಿಲ್ಲ. ಅವನು ಸತ್ತ ಎಂದು ಮನೆಯವರು ಆ ಹೊಸ್ತಿಲಲ್ಲಿ ನಿಂತು ಯಾರಿಗೂ ಹೇಳಿಯೇ ಇರಲಿಲ್ಲವಲ್ಲ. ಒಳಗೆ ಬನ್ನಿ, ಚಹಾ ಕುಡಿಯಿರಿ ಎನ್ನಲು ಮೆರಿಯೆಲ್ ಬಾಯಿ ತೆರೆದಳು, ಆದರೆ ಬಂದದ್ದು ಅಳು. ತಾನು ಕಂಡೇ ಇರದ ಹತ್ತೊಂಬತ್ತು ವರ್ಷದ ಹುಡುಗನಿಗಾಗಿ ಅವಳು ಹೊಸ್ತಿಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು, ಟಕೆಟರ ಮುದುಕ ಕೈ ಬಿಡದೆ ನಿಂತಿದ್ದ.