ಕಾಸಿಂಬಿಯ ಪಾಕದ ಬೆರಳು

ಅಮೀನಗಡದಲ್ಲಿ ಕರದಂಟು ಮಾಡುವ ಮನೆಗಳು ಬೇಕಾದಷ್ಟಿವೆ. ಆದರೆ ಬೆಲ್ಲದ ಪಾಕ ಹದಕ್ಕೆ ಬಂತೋ ಇಲ್ಲವೋ ಎಂಬ ಅನುಮಾನ ಹುಟ್ಟಿದರೆ ಆಚೆ ಓಣಿಯವರು ಕೂಡ ಓಡಿ ಬರುತ್ತಿದ್ದದ್ದು ಕಾಸಿಂಬಿಯ ಬಾಗಿಲಿಗೇ. ಅವಳಿಗೆ ಈಗ ಐವತ್ತೆಂಟು. ಮೂವತ್ತು ವರ್ಷದಿಂದ ಅದೇ ಕಡಾಯಿಯ ಮುಂದೆ, ಅದೇ ಗಿಡ್ಡ ಮಣೆಯ ಮೇಲೆ ಕೂತವಳು. ಕುದಿಯುವ ಪಾಕದ ಒಂದು ಹನಿಯನ್ನು ಬಟ್ಟಲಿನ ತಣ್ಣೀರಿಗೆ ಬಿಡುತ್ತಾಳೆ, ನೀರಿನೊಳಗೇ ಬೆರಳಿನಿಂದ ಹೊಸೆಯುತ್ತಾಳೆ. ಉಂಡೆ ಕಟ್ಟಿದರೆ ಹದ, ಕರಗಿದರೆ ಇನ್ನೊಂದು ಕುದಿ ಬೇಕು. ನಾಲಿಗೆಗೆ ಅಲ್ಲಿ ಕೆಲಸವೇ ಇಲ್ಲ.

ಇಲ್ಲದ್ದು ಒಳ್ಳೆಯದೇ ಆಯಿತು. ಮೂರು ವರ್ಷದ ಹಿಂದೆ ಹುನಗುಂದದ ಡಾಕ್ಟರು ಸಕ್ಕರೆ ಬೇನೆ ಇದೆ ಎಂದು ಹೇಳಿದ ದಿನವೇ ಕಾಸಿಂಬಿ ಸಿಹಿಯ ಜೊತೆ ಮಾತು ಬಿಟ್ಟಳು. ಚಹಾಕ್ಕೆ ಸಕ್ಕರೆ ಇಲ್ಲ, ಈದ್ ಹಬ್ಬದ ದಿನವೂ ಸುರಕುಂಬಾ ಪಾಯಸ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವಳ ಕೈ ದಿನವಿಡೀ ಬೆಲ್ಲವಾದರೂ ಬಾಯಿಗೆ ಸಿಕ್ಕಿದ್ದು ಜೋಳದ ರೊಟ್ಟಿ, ಪುಂಡಿ ಪಲ್ಯ ಮಾತ್ರ. ಅಂಥವಳನ್ನು ಮನೆಯವರೇ ಕಳ್ಳಿ ಅಂದರು, ಅದೂ ಒಂದು ಯಂತ್ರದ ಮಾತು ಕೇಳಿ.

ರಕ್ತದ ಸಕ್ಕರೆ ಅಳೆಯುವ ಆ ಯಂತ್ರವನ್ನು ತಿಂಗಳ ಹಿಂದೆ ತಂದುಕೊಟ್ಟವನು ಅಳಿಯ ಇರ್ಫಾನ. ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟವನು ಬೈಕಿನ ಇಂಜಿನ್ನು ಕೂಡ ಆರಿಸದೆ ಹೊಸ್ತಿಲಲ್ಲೇ ನಿಂತು ಪಾಠ ಮುಗಿಸಿದ್ದ. "ಇಲ್ಲಿ ಪಟ್ಟಿ ಹಾಕ್ರಿ, ಈ ಪೆನ್ನಿನಿಂದ ಬೆರಳಿಗಿ ಚುಚ್ಚರಿ, ರಕ್ತ ಮುಟ್ಟಸ್ರಿ, ನಂಬರ ಬರ್ತೈತಿ. ಅಷ್ಟ." ಪೆಟ್ಟಿಗೆಯೊಳಗೆ ಮಡಚಿಟ್ಟ ಸೂಚನೆಯ ಹಾಳೆಯನ್ನು ಬಿಡಿಸಿ ನೋಡುವ ಪುಣ್ಯಾತ್ಮರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸೊಸೆ ನರ್ಗೀಸ ಓದಿದವಳು, ಅಚ್ಚುಕಟ್ಟಿನ ಹೆಂಗಸು. ಬೆಳಗಿನ ನಮಾಜು ಮುಗಿಸಿ ಅತ್ತೆ ಮೊದಲ ಕಡಾಯಿ ಇಳಿಸುವ ಹೊತ್ತಿಗೆ, ಇನ್ನೂ ಹೊಟ್ಟೆಗೆ ಏನೂ ಬೀಳುವ ಮೊದಲು, ಯಂತ್ರ ಹಿಡಿದು ಬರುತ್ತಿದ್ದಳು. ಕಾಸಿಂಬಿ ಪಕ್ಕದ ಬಟ್ಟಲಿನ ನೀರಿನಲ್ಲೇ ಎರಡೂ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು, ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ನರ್ಗೀಸ ನೋಟಬುಕ್ಕಿನಲ್ಲಿ ಬರೆಯುತ್ತಿದ್ದಳು. ಇನ್ನೂರಾ ಅರವತ್ತೆಂಟು. ಇನ್ನೂರಾ ತೊಂಬತ್ತು. ಮುನ್ನೂರಾ ನಾಲ್ಕು. ಶುಕ್ರವಾರ ಆ ಮನೆಯಲ್ಲಿ ಕಡಾಯಿ ಏರಿಸುವ ರೂಢಿ ಇರಲಿಲ್ಲ. ಶುಕ್ರವಾರಕ್ಕೊಮ್ಮೆ ಮಾತ್ರ ಯಂತ್ರ ನೂರಾ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತಿತ್ತು.

ಆ ಶುಕ್ರವಾರಗಳೇ ಕಾಸಿಂಬಿಯ ಕುತ್ತಿಗೆಗೆ ಬಂದವು. ಮಗ ಮುನಾಫ ನೋಟಬುಕ್ಕು ಹಿಡಿದು ಅವಳೆದುರು ಕೂತ.

"ಕಡಾಯಿ ಮುಂದ ಕುಂತ ದಿನಾ ಶುಗರ ಮುನ್ನೂರು. ಕುಂದರಲಾರದ ದಿನಾ ನೂರಾ ಇಪ್ಪತ್ತು. ಇನ್ನೇನ ಸಾಕ್ಷಿ ಬೇಕಮ್ಮಾ? ನೀ ತಿಂತಿ."

"ಖುದಾ ಕಸಮ್, ನಾ ನಾಲಿಗಿಗಿ ಸೈತ ಹಚ್ಚಿಲ್ಲೋ."

"ಹಂಗಾರ ಮಶೀನ ಸುಳ್ಳ ಹೇಳ್ತೈತೇನು?"

ಯಂತ್ರಕ್ಕೆ ಅವಳ ಮೇಲೇನು ಹಗೆ?

ಮುನಾಫ ಕೆಟ್ಟವನಲ್ಲ. ತಾಯಿಯ ಮೇಲೆ ಜೀವವೇ ಇಟ್ಟುಕೊಂಡವನು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಪಕ್ಕದ ಮನೆಯ ಬಂದೇನವಾಜ, "ಮುನ್ನೂರ ಅಂದ್ರ ಒಂದ ಗುಳಿಗಿ ಎಲ್ಲಿ ಸಾಕಾಗ್ತೈತಿ, ನಮ್ಮ ಮಾವಗ ಎರಡ ಅದಾವು" ಅಂದದ್ದೇ ತಡ, ಡಾಕ್ಟರನ್ನು ಒಂದು ಮಾತು ಕೇಳದೆ ತಾಯಿಗೂ ಎರಡು ಗುಳಿಗೆ ಶುರು ಮಾಡಿದ. ಅಷ್ಟಕ್ಕೇ ಬಿಡಲಿಲ್ಲ. ಗುಳೇದಗುಡ್ಡದಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದ ಅಮಸಿದ್ದಪ್ಪನಿಗೆ ಫೋನು ಮಾಡಿ, ಅಮ್ಮ ಕದ್ದು ತಿಂದು ಸುಳ್ಳು ಹೇಳುತ್ತಾಳೆ, ಸೋಮವಾರದಿಂದ ಬಂದು ಕಡಾಯಿ ನೋಡಿಕೋ ಎಂದು ಹೇಳಿಬಿಟ್ಟ. ಅಂದಿನಿಂದ ಅಮ್ಮ ಕಡಾಯಿಯ ಹತ್ತಿರ ಸುಳಿಯಬಾರದು.

ಕಾಸಿಂಬಿ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮಣೆ ಹೋದರೆ ಹೋಗಲಿ, ಮೊಣಕಾಲಾದರೂ ಉಳಿದಾವು. ಆದರೆ ತಾನು ಹೊತ್ತು, ಹೆತ್ತು, ತುತ್ತಿಟ್ಟ ಮಗ ತನ್ನನ್ನು ಸುಳ್ಳಿ ಅಂದುಕೊಂಡನಲ್ಲ. ಮಣೆಗಿಂತ ಹೆಚ್ಚಾಗಿ ಅವಳಿಗೆ ತನ್ನ ಮಾತು ವಾಪಸ್ಸು ಬೇಕಾಗಿತ್ತು.

ಮರುದಿನ ಶನಿವಾರ. ಬೆಳಗಿನ ಪರೀಕ್ಷೆ ಮುಗಿದ ಮೇಲೆ ನೋಡಿದರೆ ಚುಚ್ಚುವ ಪೆನ್ನಿನ ಮೇಲೆ ಕೆಂಪಿರುವೆಗಳ ಸಾಲು.

"ನೋಡ್ರಿ ಅತ್ತಿ, ಇರವಿ ಹತ್ಯಾವಂದ್ರ ರಕ್ತದಾಗ ಸಕ್ರಿ ಎಷ್ಟ ಆಗಿರಬೇಕು!" ಎಂದು ನರ್ಗೀಸ ಹೌಹಾರಿದಳು. ಕಾಸಿಂಬಿ ಪೆನ್ನು ಝಾಡಿಸಿ ಇಟ್ಟಳು. ಆದರೆ ಅಡುಗೆಮನೆಯ ಬಾಗಿಲು ತೆಗೆಯುವಾಗ ಚಿಲಕದ ಮೇಲೂ ನಾಲ್ಕು ಇರುವೆ ಕಂಡವು. ಅದು ಅವಳ ತಲೆಯಲ್ಲಿ ಮುಳ್ಳಿನಂತೆ ಉಳಿಯಿತು.

ಎರಡು ಗುಳಿಗೆ ನುಂಗಿ, ಸಿಟ್ಟಿಗೆ ಅರ್ಧ ರೊಟ್ಟಿ ತಿಂದು ಮತ್ತೆ ಕಡಾಯಿಯ ಮುಂದೆ ಕೂತಳು. ಹನ್ನೊಂದರ ಹೊತ್ತಿಗೆ ಸೌಟು ಹಿಡಿದ ಕೈ ಗಡಗಡ ನಡುಗತೊಡಗಿತು. ಹಣೆಯಲ್ಲಿ ತಣ್ಣನೆಯ ಬೆವರು. ಎದೆ ಡವಡವ ಅನ್ನುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಎದುರಿಗೆ ಪಾಕ ಕೊತಕೊತ ಕುದಿಯುತ್ತಿತ್ತು. ನರ್ಗೀಸ ಓಡಿ ಬಂದು ಅತ್ತೆಯನ್ನು ಹಿಂದಕ್ಕೆ ಎಳೆದು ಕೂರಿಸಿದಳು, ಯಂತ್ರ ತಂದಳು. ಅದೇ ಬಟ್ಟಲಿನ ನೀರು, ಅದೇ ಸೆರಗು. ಇನ್ನೂರಾ ಎಪ್ಪತ್ತನಾಲ್ಕು.

"ಏರೇತಿ! ಮತ್ತ ತಿಂದಾಳ!" ಎಂದು ಮುನಾಫ ಕೂಗಿದ. "ಇನ್ನೊಂದ ಗುಳಿಗಿ ತಾ, ಲಗೂನ."

ಗುಳಿಗೆ ಬಾಯಿಯ ಹತ್ತಿರ ಬಂದೇಬಿಟ್ಟಿತ್ತು. ಮೂರು ವರ್ಷದ ಹಿಂದೆ ಡಾಕ್ಟರು ಹೇಳಿದ ಮಾತು ಕಾಸಿಂಬಿಗೆ ಆ ನಡುಕದಲ್ಲೂ ನೆನಪಾಯಿತು. ಕೈ ನಡುಗಿ ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿದೆ ಅಂತ ಲೆಕ್ಕ. ಮೈ ಇಳಿದಿದೆ ಅನ್ನುತ್ತಿದೆ, ಯಂತ್ರ ಏರಿದೆ ಅನ್ನುತ್ತಿದೆ. ಇವೆರಡರ ನಡುವೆ ಆ ಚಿಲಕ ಕಣ್ಣಮುಂದೆ ಬಂತು. ಚಿಲಕಕ್ಕೆ ತನ್ನ ರಕ್ತ ತಾಗಿರಲಿಲ್ಲ. ತಾಗಿದ್ದು ಬೆರಳು.

ಮಗನ ಕೈಯನ್ನು ಪಕ್ಕಕ್ಕೆ ತಳ್ಳಿದಳು. "ಗುಳಿಗಿ ದೂರ ಇಡು. ನರ್ಗೀಸ, ನನ್ನ ನಳದ ಹತ್ರ ಕರಕೊಂಡ ನಡಿ. ಸಾಬಾಣ ತಾ."

"ಈಗ್ಯಾಕ ಸಾಬಾಣ್ರಿ ಅತ್ತಿ!"

"ತಾ ಅಂದ್ರ ತಾ!"

ನಳದ ಕೆಳಗೆ ಸಾಬೂನು ಹಚ್ಚಿ, ಉಗುರಿನ ಸಂದಿಯವರೆಗೆ ಉಜ್ಜಿ ತೊಳೆದಳು. ಸೆರಗು ಮುಟ್ಟದೆ, ಒಗೆದಿಟ್ಟ ಟವೆಲಿನಲ್ಲಿ ಒಣಗುವಂತೆ ಒರೆಸಿಕೊಂಡಳು. ಹೊಸ ಸೂಜಿ, ಹೊಸ ಪಟ್ಟಿ, ಬೇರೆ ಬೆರಳು. ಐದು ಎಣಿಸುವಷ್ಟರಲ್ಲಿ ಯಂತ್ರ ಹೇಳಿತು: ಐವತ್ತೆಂಟು.

ನರ್ಗೀಸಳ ಮುಖ ಬಿಳಿಚಿಕೊಂಡಿತು. ಮುನಾಫ ಒಮ್ಮೆ ಯಂತ್ರ, ಒಮ್ಮೆ ಗುಳಿಗೆ ನೋಡುತ್ತ ನಿಂತ. ಕಾಸಿಂಬಿ ಯಾರ ಅಪ್ಪಣೆಗೂ ಕಾಯಲಿಲ್ಲ. ಸೊಸೆಯ ಕೈಯಲ್ಲಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿಸಿ ಗಟಗಟ ಕುಡಿದಳು. ಮೂರು ವರ್ಷದ ಮೇಲೆ ನಾಲಿಗೆಗೆ ತಾಗಿದ ಸಿಹಿ ಅದು, ಅದನ್ನೂ ಎಲ್ಲರ ಕಣ್ಣೆದುರೇ ಕುಡಿದಳು. ಕಾಲು ಗಂಟೆ ಬಿಟ್ಟು ಮತ್ತೆ ತೊಳೆದ ಕೈಯಿಂದ ನೋಡಿದಾಗ ತೊಂಬತ್ತಾರು. ನಡುಕ ನಿಂತಿತ್ತು.

"ಈಗ ರೊಟ್ಟಿ ಕೊಡು, ತಿಂದ ಹುನಗುಂದಕ ಹೋಗೂಣು" ಅಂದಳು.

ಅಮೀನಗಡದವರು ಬರಿಗೈಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಟಂಟಂ ಆಟೋ ಹತ್ತುವಾಗ ಮುನಾಫ ಆ ಗಾಬರಿಯಲ್ಲೂ ಒಂದು ಡಬ್ಬಿ ಕರದಂಟು ಬಗಲಲ್ಲಿ ಇಟ್ಟುಕೊಂಡಿದ್ದ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಬಯ್ದದ್ದು ಮುನಾಫನಿಗೆ. "ಗುಳಿಗಿ ಹೆಚ್ಚು ಕಡಿಮಿ ಮಾಡಾಕ ನಾವ್ ಇಲ್ಲಿ ಯಾಕ್ ಕುಂತೇವಿ? ಆ ಮೂರನೇದ್ ಕೊಟ್ಟಿದ್ರ ಏನಾಗ್ತಿತ್ತು ಗೊತ್ತೈತೇನು?" ಗುಳಿಗೆಯ ಜೋರು ಇಳಿಯುವವರೆಗೆ ಸಂಜೆತನಕ ಇಲ್ಲೇ ಇರಬೇಕು ಎಂದು ಕಾಸಿಂಬಿಯನ್ನು ಮಂಚದ ಮೇಲೆ ಕೂರಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಗೆ ರಕ್ತ ತೆಗೆಸಿದರು.

ಕಾಯುವ ಹೊತ್ತಿನಲ್ಲಿ ಮುನಾಫ ಸುಮ್ಮನೆ ಕೂರಲಾರದೆ ಡಬ್ಬಿ ಬಿಚ್ಚಿದ. ತುಂಡುಗಳನ್ನು ಕೈಯಾರೆ ಮುರಿದು ಅಲ್ಲಿದ್ದ ಸಿಬ್ಬಂದಿಗೆ, ಬಾಕಿನ ಮೇಲೆ ಕೂತ ಜನಕ್ಕೆ ಹಂಚಿದ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಕಾಸಿಂಬಿ ಮಂಚದಿಂದಲೇ ಅದನ್ನು ನೋಡಿದಳು.

ವರದಿ ಬಂತು. ಡಾಕ್ಟರು ಕನ್ನಡಕ ಏರಿಸಿ ಓದಿದರು. "ಆರು ಪಾಯಿಂಟ್ ಎಂಟು. ಏಳರ ಒಳಗ ಇದ್ರ ಚೊಲೋ. ಮೂರು ತಿಂಗಳದಾಗ ಇವರು ದಾರಿ ತಪ್ಪಿದಂಗ ಕಾಣೂದುಲ್ಲ. ನಮ್ಮ ಪೇಶಂಟ್‍ರೆಲ್ಲಾ ಹಿಂಗಿದ್ರ ನಾ ಮನ್ಯಾಗ ಮಲಗತಿದ್ದೆ."

"ಹಂಗಾರ ನಮ್ಮ ಮಶೀನ ಕೆಟ್ಟೇತೇನ್ರಿ?" ಅಂದ ಮುನಾಫ.

ನರ್ಸ್ ಪ್ರಿಯದರ್ಶಿನಿ ಅಷ್ಟರಲ್ಲಿ ನರ್ಗೀಸಳಿಂದ ಪೂರ್ತಿ ಕಥೆ ಕೇಳಿಕೊಂಡಿದ್ದಳು. "ಮಶೀನ ಚೊಲೋ ಐತ್ರಿ. ಬಟ್ಟಲದಾಗಿನ ನೀರೂ ಬೆಲ್ಲದ ನೀರ, ಸೆರಗೂ ಬೆಲ್ಲದ್ದ. ಬೆರಳಿನ ಮ್ಯಾಲಿನ ಬೆಲ್ಲ ರಕ್ತದ ಹನಿಗಿ ಕೂಡಿತು. ಮಶೀನಿಗೆ ಎರಡೂ ಒಂದ. ಸಾಬಾಣ ಹಚ್ಚಿ ತೊಳದು, ಒಣಾ ಒರಿಸಿಕೊಂಡ ಚುಚ್ಚಬೇಕ್ರಿ."

"ಕಣ್ಣಿಗೆ ಕಾಣಲಾರದಷ್ಟ ಬೆಲ್ಲಕ್ಕ ಮುನ್ನೂರಾ? ಹೆಂಗ ನಂಬೂದ್ರಿ ಸಿಸ್ಟರ್?"

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ಇಷ್ಟು ದಿನ ಎಲ್ಲಿ ಅಡಗಿತ್ತೋ, ಮುನಾಫನಿಗೆ ಈಗ ನೆನಪಾಗಿತ್ತು.

ಕಾಸಿಂಬಿ ಮಂಚದಿಂದ ಇಳಿದಳು. "ಸಿಸ್ಟರ್, ಇಂವಂದೂ ಒಮ್ಮಿ ನೋಡ್ರಿ."

"ನಂದ್ಯಾಕಮ್ಮಾ? ನನಗ ಶುಗರ ಇಲ್ಲ."

"ಇಲ್ಲಂದ್ರ ಅಂಜಿಕಿ ಯಾಕ? ಬೆರಳ ಕೊಡು."

ಬಾಕಿನ ಮೇಲಿದ್ದ ಜನ ಕತ್ತು ಚಾಚಿದರು. ಪ್ರಿಯದರ್ಶಿನಿ ನಗು ತಡೆದುಕೊಂಡು ದವಾಖಾನೆಯ ಯಂತ್ರ ತಂದಳು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊಸ ಸೂಜಿಯ ಮುಚ್ಚಳ ತಿರುವಿದಳು, ಬೆರಳಿನ ಬದಿಗೆ ಚುಚ್ಚಿದಳು. ಪಟ್ಟಿ ರಕ್ತ ಹೀರಿತು. ನಂಬರು ನೋಡಿ ಅವಳು ಅದನ್ನು ಗಟ್ಟಿಯಾಗಿಯೇ ಓದಿದಳು.

"ಮುನ್ನೂರಾ ನಲವತ್ತೇಳು!"

ಮುನಾಫ ಕೂತಲ್ಲಿಂದ ಜಿಗಿದೆದ್ದ. "ಸುಳ್ಳ! ಮುಂಜಾನೆ ಒಂದ ಕಪ್ಪ ಚಹಾ ಬಿಟ್ರ ನಾ ಏನೂ ತಿಂದಿಲ್ಲ! ಖುದಾ ಕಸಮ್ ಅಮ್ಮಾ, ನಾಲಿಗಿಗಿ ಸೈತ ಹಚ್ಚಿಲ್ಲ!"

ಅಂದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು.

ಕಾಸಿಂಬಿ ಮಗನ ಹತ್ತಿರ ಬಂದಳು. ಹಂಗಿಸಬಹುದಿತ್ತು. ಹಿಂದಿನ ರಾತ್ರಿಯಿಡೀ ಅದಕ್ಕೆ ಬೇಕಾದಷ್ಟು ಮಾತು ಕೂಡಿಟ್ಟುಕೊಂಡಿದ್ದಳು. ಆದರೆ ಅವನ ಮುಖ ನೋಡಿದಾಗ ಅವ್ಯಾವೂ ಬರಲಿಲ್ಲ. ಅವನ ಅಂಟುಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ನಾ ನಂಬ್ತೇನಿ ಮಗನ. ಮಶೀನ ಏನರ ಹೇಳಲಿ. ನೀ ತಿಂದಿಲ್ಲಂದಿ, ನನಗ ಅಷ್ಟ ಸಾಕು."

ಮುನಾಫ, ಮೂವತ್ತೈದು ವರ್ಷದ ಗಂಡಸು, ತುಂಬಿದ ದವಾಖಾನೆಯಲ್ಲಿ, ತಾಯಿಯ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತುಬಿಟ್ಟ. ನರ್ಗೀಸ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಪ್ರಿಯದರ್ಶಿನಿ ಅವನನ್ನು ನಳದ ಹತ್ತಿರ ಕಳಿಸಿ, ಸಾಬೂನು ಹಚ್ಚಿಸಿ, ಹೊಸ ಸೂಜಿಯಿಂದ ಮತ್ತೆ ನೋಡಿದಳು. ತೊಂಬತ್ತಮೂರು. ಬಾಕಿನ ಜನ ಗೊಳ್ಳನೆ ನಕ್ಕರು. ಅವರಲ್ಲಿ ಇಬ್ಬರು ಮೆಲ್ಲಗೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

ಸಂಜೆ ಡಾಕ್ಟರು ಮನೆಗೆ ಹೋಗಬಹುದು ಅಂದರು. ಗುಳಿಗೆ ಮೊದಲಿನಂತೆ ಒಂದೇ. ಹೊರಗೆ ಟಂಟಂ ಕಾಯುತ್ತಿತ್ತು. ಮುನಾಫ ಬಾಗಿಲಲ್ಲೇ ನಿಂತು ಅಮಸಿದ್ದಪ್ಪನಿಗೆ ಫೋನು ಹಚ್ಚಿದ. ಒಳಗಿನ ಬಾಕಿನವರೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಮಾತಾಡಿದ.

"ಸೋಮವಾರ ಬರಬ್ಯಾಡಪಾ... ಇಲ್ಲ, ಯಾರೂ ಬ್ಯಾಡ. ಕಡಾಯಿ ಮುಂದ ನಮ್ಮಮ್ಮ ಕುಂದರ್ತಾಳ... ನಾ ಅಂದಿದ್ದು ಖರೆ ಅಲ್ಲೋ, ತಪ್ಪ ನಂದು. ನಮ್ಮಮ್ಮ ಸುಳ್ಳ ಹೇಳೂದುಲ್ಲ."

ಕಾಸಿಂಬಿ ಅವನ ಮುಂದೆಯೇ ಹಾದು ಮೆಟ್ಟಿಲಿಳಿದಳು. ಫೋನು ಮುಗಿದಿತ್ತು.

"ಇನ್ನೊಮ್ಮಿ ಹೇಳು," ಅಂದಳು, "ಹಿಂದ ಕುಂತವರಿಗಿ ಕೇಳಿಸಿರಲಿಕ್ಕಿಲ್ಲ."

ಮುನಾಫ ತಿರುಗಿ ನಿಂತು ಇನ್ನೊಮ್ಮೆ ಹೇಳಿದ.