ನಲವತ್ತೊಂದು ಅತ್ತೆಯರು

"ಅಲ್ಲವಾ, ಸೊಸಿ ಬಾಜೂಕ್ಕ ಕುಂತಿದ್ಲು. ನೆಮ್ಮದಿ ಇಲ್ಲ ಅಂತ ಹೆಂಗ ಹೇಳ್ಲಿ?" ಶಿವಕ್ಕ ನಕ್ಕುಬಿಟ್ಟರು.

ಊರ್ಮಿಳಾಗೆ ನಗು ಬರಲಿಲ್ಲ. ಅಮೆರಿಕದ ಆಶ್‌ಬರ್ನ್‌ನ ಟೌನ್‌ಹೌಸುಗಳ ಹಿಂದಿನ ಕೊಳದ ಹತ್ತಿರ ವಾಕಿಂಗ್‌ನಲ್ಲಿ ಸಿಕ್ಕಾಗ, "ಆಂಟಿ, ನಿಮ್ಮನ್ನ ಕೇಳಿ ಬರ್ಕೊಂಡಿದ್ನಲ್ಲ, ಅದು ಪಬ್ಲಿಶ್ ಆಗ್ತಿದೆ" ಎಂದು ಖುಷಿಗೆ ಹೇಳಿದ್ದಳು, ಅಷ್ಟೇ.

ಮಗ-ಸೊಸೆಯ ಜೊತೆ ಇಲ್ಲೇ ನೆಲೆಸಿದ ನಲವತ್ತೊಂದು ಅತ್ತೆಯರನ್ನು ಅವಳು ಮನೆಮನೆಗೆ ಹೋಗಿ ಮಾತಾಡಿಸಿದ್ದಳು. ಮನಸ್ಸಿನ ನೆಮ್ಮದಿಗೂ ರಕ್ತದೊತ್ತಡಕ್ಕೂ ಸಂಬಂಧ ಇದೆಯೇ ಎಂದು ನೋಡುವುದಿತ್ತು. ಹಗಲು ಕ್ಲಿನಿಕ್ಕಿನ ಫ್ರಂಟ್ ಡೆಸ್ಕ್, ಸಂಜೆ ಕಾಲೇಜು. ಅಂಕಿಅಂಶ ಕಲಿತದ್ದೇ ನಲವತ್ತು ದಾಟಿದ ಮೇಲೆ. ಒತ್ತಡ ವಿಪರೀತ ಏರಿದವರೂ ನೆಮ್ಮದಿಗೆ ಹತ್ತಕ್ಕೆ ಒಂಬತ್ತೋ ಹತ್ತೋ ಕೊಟ್ಟಿದ್ದರು. ಸಂಬಂಧವಿಲ್ಲ ಎಂದು ಲೇಖನ ಬರೆದಳು. ಜರ್ನಲ್ ಒಪ್ಪಿತು. ಲೇಖಕರಲ್ಲಿ ಮೊದಲ ಹೆಸರು ಅವಳದೇ. ಸೋಮವಾರ ಪ್ರೂಫ್ ತಿದ್ದಿ ಹಿಂದಿರುಗಿಸಬೇಕಿತ್ತು.

ಪ್ರತಿ ಮನೆಯಲ್ಲೂ ಸೊಸೆ ಕಾಫಿ ತಂದಿಟ್ಟು, ಪಕ್ಕದಲ್ಲೇ ಕುಳಿತು, "ಹೇಳಿ ಅತ್ತೆ, ಸಂಕೋಚ ಬೇಡ" ಎಂದಿದ್ದಳು. ಕಾಫಿ ಕೊಟ್ಟವಳಿಗೆ ಎದ್ದು ಒಳಗೆ ಹೋಗು ಎನ್ನುವುದು ಹೇಗೆ? ಅನ್ನಬೇಕೆಂದು ಊರ್ಮಿಳಾಗೆ ತೋಚಿಯೂ ಇರಲಿಲ್ಲ.

"ಸಬ್ಮಿಟ್ ಮಾಡ್ಬಿಡು. ಯಾರು ಚೆಕ್ ಮಾಡ್ತಾರೆ?" ಎಂದ ಗಂಡ ಯಶವಂತ್.

"ಇದನ್ನ ಓದಿ ಯಾವ್ದೋ ಡಾಕ್ಟರ್, ನೆಮ್ಮದಿಯಾಗಿದೀರಾ ಅಂತ ಕೇಳೋದನ್ನೇ ಬಿಟ್ಬಿಟ್ರೆ?"

"ನಿನ್ ಪೇಪರ್‌ನ ಅಷ್ಟೊಂದ್ ಜನ ಓದ್ತಾರೇನೇ?"

"ಒಬ್ರು ಓದಿದ್ರೂ ಸಾಕಲ್ಲ."

ಮಾರ್ಗದರ್ಶಕರಾದ ಪ್ರೊಫೆಸರ್ ತ್ಯಾಗರಾಜರಿಗೆ ನಡೆದದ್ದನ್ನೆಲ್ಲ ಬರೆದ ಇಮೇಲನ್ನು ನಾಲ್ಕು ಸಲ ಅಳಿಸಿದಳು. ಕ್ಷಮಿಸಿ ಎಂಬುದು ಮೂರು ಕಡೆ ಬಂದಿತ್ತು. ಒಂದನ್ನು ಉಳಿಸಿ ಕಳಿಸಿದಳು. ಗಂಟೆಯೊಳಗೆ ಅವರ ಫೋನ್ ಬಂತು.

"ಲೇಖನ ವಾಪಸ್ ತಗೋತೀವಿ ಅಂತ ಜರ್ನಲ್‌ಗೆ ಬರೆದೆ ಕಣಮ್ಮ."

"ಸಾರಿ ಸರ್. ಎರಡು ವರ್ಷದ ಕೆಲಸ..."

"ನಂಗೂ ಹೊಳೀಲಿಲ್ವಲ್ಲ! ನಮ್ಮಮ್ಮನೂ ನನ್ ಹೆಂಡ್ತಿ ಎದುರಿಗೆ ಹತ್ತಕ್ಕೆ ಹನ್ನೊಂದು ಅಂತಾರೆ. ಕಾಲೇಜಿಂದ ಪರ್ಮಿಶನ್ ತಗೊಂಡು ಆ ಅತ್ತೆಯರನ್ನೆಲ್ಲ ಮತ್ತೆ ಕೇಳು, ಒಬ್ಬೊಬ್ಬರನ್ನೇ. ಎರಡೂ ಉತ್ತರ ಪಕ್ಕಪಕ್ಕ ಇಟ್ಟು ಬರೆಯೋಣ. ಜರ್ನಲ್‌ನವರು ಮತ್ತೆ ತಗೋತಾರೋ ಇಲ್ವೋ, ಅದು ಗೊತ್ತಿಲ್ಲ."

ಫೋನಿಟ್ಟ ಮೇಲೆ ಊರ್ಮಿಳಾ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ನಲವತ್ತೊಂದು ಹೆಸರುಗಳ ಪಟ್ಟಿ ತೆಗೆದು ಕುಳಿತಳು.

ಅನುಮತಿ ಬರಲು ಮೂರು ತಿಂಗಳಾಯಿತು. ಮೊದಲು ಒಪ್ಪಿದವರು ಶಿವಕ್ಕ. ಲೈಬ್ರರಿಯ ಪಾರ್ಕಿಂಗ್ ಲಾಟಿನಲ್ಲಿ, ಊರ್ಮಿಳಾಳ ಕಾರಿನಲ್ಲಿ ಇಬ್ಬರೇ ಕುಳಿತರು.

"ಆಂಟಿ, ಈಗ ನಿಮ್ಮ ನೆಮ್ಮದಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?"

"ನನ್ನ ಹೆಸರು ಬರೀತೀಯೇನು?"

"ಇಲ್ಲ ಆಂಟಿ."

ಶಿವಕ್ಕ ಹೊರಗೊಮ್ಮೆ ನೋಡಿ ಕಿಟಕಿಯ ಗಾಜು ಏರಿಸಿದರು. ಬಗ್ಗಿ ಶೂ ಕಳಚಿದರು. ಸೀರೆಯ ನೆರಿಗೆ ಸರಿಮಾಡಿಕೊಂಡು, ಸೀಟಿನ ಮೇಲೆ ಕಾಲು ಮಡಚಿ ಕುಳಿತರು.